ವತನದ ಎಲಿ

"ನಮಗೂ ಒಂದು ವತನ ಐತಿ," ಎಂದು ಉಮೈಮಾ ಶುರು ಮಾಡಿದಳು. ಅಷ್ಟಕ್ಕೇ ಧೀರೇಂದ್ರ ದೇಶಪಾಂಡೆಯವರು ನಕ್ಕುಬಿಟ್ಟರು.

"ವತನ ಎಲ್ಲದ ತಂಗಿ ಈಗ? ಅದೆಲ್ಲಾ ಹೋಗಿ ಎಷ್ಟು ಕಾಲ ಆತು! ಸರಕಾರ ಕಸಗೊಂಡು ಬ್ಯಾರೇದವ್ರಿಗೆ ಕೊಟ್ಟೂ ಆತು."

ಶಿಗ್ಗಾಂವದ ಕಾಲೇಜೊಂದರಲ್ಲಿ ರಾಜ್ಯಶಾಸ್ತ್ರ ಕಲಿಸುವ ಧೀರೇಂದ್ರರಿಗೆ ಎದುರಿನವರ ಮಾತು ಮುಗಿಯುವ ತನಕ ಕಾಯುವ ಅಭ್ಯಾಸವೇ ಇಲ್ಲ. ಈ ಚಾಳಿಗೆ ಸಾಕಾಗಿ ಅವರ ಹೆಂಡತಿ ಯಾವ ಮಾತನ್ನಾದರೂ ಕೊನೆಯಿಂದಲೇ ಶುರು ಮಾಡುತ್ತಾರೆ. ಬಿ.ಎ. ಕೊನೆಯ ವರ್ಷದ ಸೆಮಿನಾರಿಗೆ 'ರಾಷ್ಟ್ರೀಯತೆ: ಹುಟ್ಟು ಮತ್ತು ಬಗೆಗಳು' ಎಂಬ ವಿಷಯವನ್ನು ಉಮೈಮಾಳಿಗೆ ಕೊಟ್ಟವರು ಅವರೇ. ಸವಣೂರಿನಿಂದ ಬಸ್ಸಿಗೆ ಬರುವ ಹುಡುಗಿ; ಹಾಜರಿ ಕೂಗಿದಾಗ ಬಿಟ್ಟರೆ ತರಗತಿಯಲ್ಲಿ ತುಟಿ ಬಿಚ್ಚಿದವಳಲ್ಲ. "ಪುಸ್ತಕದ್ದು ಆಮ್ಯಾಲೆ ಹೇಳು, ಮೊದಲ ನಿಮ್ಮ ಮನಿಯೊಳಗಿನ ಒಂದು ಶಬ್ದ ಹಿಡಿ" ಎಂದು ವಾರಗಟ್ಟಲೆ ಹುರಿದುಂಬಿಸಿ ಇವತ್ತು ಅವಳನ್ನು ಹಲಗೆಯ ಮುಂದೆ ನಿಲ್ಲಿಸಿದ್ದರು. ಮೊಮ್ಮಗಳ ಮಾತು ಕೇಳಲೇಬೇಕೆಂದು ಅಜ್ಜಿ ರಹಿಮಾಬಿಯೂ ಬಂದು ಹಿಂದಿನ ಬೆಂಚಿನಲ್ಲಿ ಸೆರಗು ಹೊದ್ದು ಕುಳಿತಿದ್ದರು.

ತರಗತಿಯಲ್ಲಿ ಯಾರೂ ನಗಲಿಲ್ಲ. ಮುಂದಿನ ಬೆಂಚಿನ ಫಯಾಜ ತಲೆ ತಗ್ಗಿಸಿದ. ಹಲಗೆಯ ಮೇಲೆ ಉಮೈಮಾ ದುಂಡಗೆ ಬರೆದಿದ್ದ ಶಬ್ದಗಳಿದ್ದವು: ರಕ್ತ, ಭಾಷೆ, ಜನರ ಒಪ್ಪಿಗೆ. ಮೂರು ದಾರಿಯಲ್ಲಿ ಹುಟ್ಟಿದ ಮೂರು ಬಗೆಯ ರಾಷ್ಟ್ರಗಳ ಬಗ್ಗೆ ಅವಳು ಮಾತನಾಡುವವಳಿದ್ದಳು.

"ಹಂಗಾದ್ರ ನಾವು ಎಲ್ಲಿಗೆ ಹೋಗ್ಬೇಕ್ರಿ ಸರ್?" ಎಂದು ಮೆಲ್ಲಗೆ ಕೇಳಿದಳು.

ತಾವು ಅಂದದ್ದು ಏನೆಂದು ಧೀರೇಂದ್ರರಿಗೆ ಆಗ ಹೊಳೆಯಿತು. ಅವರ ಮನೆಯಲ್ಲಿ ವತನ ಎಂದರೆ ಒಂದೇ ಅರ್ಥ: ಹಿರೇಬೆಂಡಿಗೇರಿಯಲ್ಲಿ ಅಜ್ಜನಿಗೆ ವಂಶಪಾರಂಪರ್ಯವಾಗಿ ಬಂದ ಅಧಿಕಾರ, ಅದರ ಜೊತೆಗೆ ಬಂದ ಹೊಲ. ಕಾನೂನು ಬಂತು, ವತನ ರದ್ದಾಯಿತು, ಹೊಲ ಉಳುವವರ ಪಾಲಾಯಿತು. ಅಜ್ಜ ಸಾಯುವ ತನಕ ಊಟಕ್ಕೆ ಕುಳಿತಾಗೆಲ್ಲ "ವತನ ಹೋತು, ವತನ ಹೋತು" ಎಂದು ಗೊಣಗುತ್ತಿದ್ದರು. ಊಟ ಮುಗಿದು ಸವಣೂರಿನ ವೀಳ್ಯದೆಲೆ ಬಾಯಿಗೆ ಬಿದ್ದ ಮೇಲೆಯೇ ಆ ಗೊಣಗಾಟ ನಿಲ್ಲುತ್ತಿದ್ದುದು. ಅದನ್ನೇ ಕೇಳಿ ಬೆಳೆದ ಕಿವಿ ಇವತ್ತು ಮೋಸ ಮಾಡಿತ್ತು. ಉಮೈಮಾಳ ಮನೆಯಲ್ಲಿ ಅದೇ ಶಬ್ದಕ್ಕೆ ಹುಟ್ಟಿದ ನಾಡು, ದೇಶ ಎಂದರ್ಥ. ಎಲ್ಲರೆದುರು, ಅದೂ ನಗುನಗುತ್ತ, ಆ ಮಗುವಿಗೆ ನಿನಗೆ ದೇಶವೇ ಇಲ್ಲ ಎಂದಂತಾಗಿತ್ತು.

"ತಪ್ಪಾತು ತಂಗಿ," ಎನ್ನುತ್ತ ಅವರು ಎದ್ದು ನಿಂತರು. ಅಜ್ಜನ ಗೊಣಗಾಟವನ್ನೆಲ್ಲ ತರಗತಿಯ ಮುಂದೆ ಬಿಚ್ಚಿಟ್ಟರು. "ನೀ ದೇಶದ ಮಾತು ಆಡಿದಿ, ನಾ ಹೊಲದ ಮಾತು ಆಡಿದೆ. ನಿನ್ನ ವತನ ಇಲ್ಲೇ ಅದ. ನಿಂದೂ ಹೌದು, ನಂದೂ ಹೌದು." ಹುಡುಗಿ ತೆಪ್ಪಗೆ ತನ್ನ ಬೆಂಚಿಗೆ ಹೋಗಿ ಕುಳಿತಿದ್ದರೆ ಏನಾಯಿತೆಂದು ಈ ಜನ್ಮದಲ್ಲಿ ತಮಗೆ ಗೊತ್ತಾಗುತ್ತಿರಲಿಲ್ಲ. ಬಾಯಿಬಿಟ್ಟು ಕೇಳಿದಳಲ್ಲ, ಪುಣ್ಯಾತ್ಗಿತ್ತಿ, ಎಂದು ಅವರ ಕಣ್ಣು ತುಂಬಿ ಬಂತು.

ಆದರೆ ಉಮೈಮಾ ಮುಂದುವರಿಯಲಿಲ್ಲ. ಚಾಕ್‌ಪೀಸನ್ನು ಹಲಗೆಯ ಅಂಚಿಗೆ ಇಟ್ಟುಬಿಟ್ಟಳು. ಇಷ್ಟು ದಿನ ಬಾರದ ಮಾತು ಬಂದೂ ಬಾರದೆ ಒಳಗೇ ಉಳಿದುಹೋಗುತ್ತದೇನೋ ಎಂದು ಧೀರೇಂದ್ರರಿಗೆ ಗಾಬರಿಯಾಯಿತು. ಆಗ ಹಿಂದಿನಿಂದ ರಹಿಮಾಬಿ ಮೊಣಕಾಲಿಗೆ ಕೈಯೂರಿ ಎದ್ದರು.

"ಸರ್, ಅಜ್ಜಾರ ವತನ ಹೋತು ಅಂದ್ರಲ್ಲ. ಯಾರಿಗೆ ಹೋತ್ರಿ?"

"ಉಳತಿದ್ದವ್ರಿಗ್ರಿ."

"ನಮ್ಮ ಮಾವಾರೂ ಹಂಗ ಒಬ್ಬ ವತನದಾರ್ರ ಹೊಲಾ ಉಳತಿದ್ರು. ಬಾಯಿಲೆ ಊರು ನಮ್ದು ಅಂತಿದ್ರು ಖರೆ, ಒಂದ ಗಿಡಾ ಹಚ್ಚಬೇಕಂದ್ರ ಇನ್ನೊಬ್ಬರನ್ನ ಕೇಳಬೇಕಿತ್ತು. ಹೊಲಾ ಹೆಸರಿಗೆ ಆದ ದಿವಸ ಒಂದ ಮುಟಿಗಿ ಮಣ್ಣ ಮನಿಗೆ ತಂದ್ರು. ಇವತ್ತ ನಮಗ ವತನ ಬಂತು ಅಂತ ಹೇಳಿ ಹೇಳಿ ಅತ್ತರು." ಮುದುಕಿ ತಟ್ಟನೆ ನಕ್ಕರು. "ನಿಮ್ಮವ್ರ ವತನ ಎಲ್ಲೂ ಹೋಗಿಲ್ರಿ ಸರ್. ನಮ್ಮ ಕಡೇನ ಐತಿ. ಎಲಿಬಳ್ಳಿ ಹಚ್ಚೇವಿ."

ತರಗತಿಗೆ ತರಗತಿಯೇ ಗೊಳ್ಳೆಂದಿತು. ಫಯಾಜನಂತೂ ಬೆಂಚು ಬಡಿದು ನಕ್ಕ. ರಹಿಮಾಬಿ ಬೆಂಚುಗಳ ನಡುವೆ ನಡೆದುಬಂದು ಸೊಂಟದ ಸಂಚಿ ಬಿಚ್ಚಿದರು. ಎಳೆಯದೊಂದು ಎಲೆ ಆರಿಸಿ, ಸೆರಗಿನಿಂದ ಒರೆಸಿ, ಸುಣ್ಣ ಸವರಿ, ಅಡಿಕೆ ಇಟ್ಟು ಮಡಚಿ ಮುಂದೆ ಹಿಡಿದರು.

"ತಗೋರಿ. ವತನದ ಎಲಿ."

ಬಾಗಿಲ ಪಕ್ಕದಲ್ಲೇ 'ತರಗತಿಯಲ್ಲಿ ಎಲೆಯಡಿಕೆ ಜಗಿಯಬಾರದು' ಎಂಬ ಫಲಕವಿತ್ತು. ಬರೆಸಿದವರು ಧೀರೇಂದ್ರರೇ. ಅವರು ಒಮ್ಮೆ ಅದನ್ನು ನೋಡಿದರು, ಒಮ್ಮೆ ಆ ಮುದುಕಿಯ ಕೈಯನ್ನು ನೋಡಿದರು. ಅಜ್ಜನಿಗೆ ದಿನವೂ ಸಮಾಧಾನ ಕೊಟ್ಟ ಎಲೆ ಯಾರ ಬಳ್ಳಿಯದೋ ಎಂದು ಇಷ್ಟು ವರ್ಷದಲ್ಲಿ ಅವರು ಯೋಚಿಸಿದ್ದೇ ಇಲ್ಲ. ಎರಡೂ ಕೈ ಚಾಚಿ ತೆಗೆದುಕೊಂಡು, ಕಣ್ಣಿಗೊತ್ತಿಕೊಂಡು, ಬಾಯಿಗೆ ಹಾಕಿಕೊಂಡರು.

ಬಾಯಿ ತುಂಬಿದ್ದರಿಂದ ಕೈಸನ್ನೆಯಲ್ಲೇ ಉಮೈಮಾಳಿಗೆ ಹೇಳು ಎಂದರು. ಅವಳು ಅಜ್ಜಿಯನ್ನೊಮ್ಮೆ ನೋಡಿ, ಮೊದಲಿನಿಂದ ಶುರು ಮಾಡಿದಳು.

"ನಮಗೂ ಒಂದು ವತನ ಐತಿ."

ಈ ಸಲ ಯಾರೂ ನಡುವೆ ಬಾಯಿ ಹಾಕಲಿಲ್ಲ.