ಇಲ್ಲಿ ಉದುರಿಸಿ ಹೋಗಿ

ಬೆಬಾಂಗ್ ಅಜ್ಜಿ ತೀರಿಕೊಂಡ ಮರುದಿನ ಬೆಳಿಗ್ಗೆ ಚುಚಾಯ್ ತನ್ನ ಪಾರ್ಲರಿನ ಬಾಗಿಲಿಗೆ ಒಂದು ಬೋರ್ಡು ನೇತುಹಾಕಿದಳು. ಬಿಸ್ಕತ್ತಿನ ಪೆಟ್ಟಿಗೆಯಿಂದ ಹರಿದ ರಟ್ಟು, ಉಗುರಿಗೆ ಹಚ್ಚುವ ಕೆಂಪು ಬಣ್ಣದ ಅಕ್ಷರ: 'ಸಾವಿನ ಮನೆಯಿಂದ ಬರುವವರು ಇಲ್ಲಿ ಉದುರಿಸಿ ಹೋಗಿ. ಕುರ್ಚಿ, ಫ್ಯಾನು, ತಣ್ಣೀರು ಉಚಿತ.' ಪ್ರಚಾರಕ್ಕೆಂದು ಅವಳ ಕೈಯಲ್ಲಿದ್ದ ಬಂಡವಾಳ ಅಷ್ಟೇ.

ನಮ್ಮ ಸಾನ್ ರೋಕೆ ಊರಿನಲ್ಲಿ ಹೆಣ ನೋಡಲು ಹೋದವರು ಸೀದಾ ಮನೆಗೆ ಹೋಗುವುದಿಲ್ಲ. ಸತ್ತವರ ಆತ್ಮ ಬೆನ್ನು ಹತ್ತಿ ಬಂದೀತೆಂದು ದಾರಿಯಲ್ಲಿ ಎಲ್ಲಾದರೂ ಒಂದು ಗಳಿಗೆ ನಿಂತು, ಅದನ್ನು ಅಲ್ಲೇ ಉದುರಿಸಿ ಹೋಗಬೇಕು. ಇಷ್ಟು ವರ್ಷ ಎಲ್ಲರೂ ನಿಲ್ಲುತ್ತಿದ್ದುದು ಮೂಲೆಯ ತೋಯಾಂಗಳ ಬೇಕರಿಯಲ್ಲಿ. ಮಣ್ಣು ಮಾಡುವ ಮೊದಲು ಪದ್ಧತಿಯಂತೆ ಹೆಣ ಏಳು ದಿನ ಮನೆಯಲ್ಲಿದ್ದರೆ ಏಳು ದಿನವೂ ಅವಳ ಬನ್ನು ಬಿಸಿ ಆರುವ ಮೊದಲೇ ಖಾಲಿ. ಎದುರಿನ ಚುಚಾಯ್ ಮೂರು ತಿಂಗಳಿಂದ ಖಾಲಿ ಕುರ್ಚಿಯ ಧೂಳು ಒರೆಸುತ್ತ ಇದನ್ನು ನೋಡುತ್ತಲೇ ಇದ್ದಳು. ಈ ತಿಂಗಳೂ ಗಿರಾಕಿ ಬರದಿದ್ದರೆ ಕತ್ತರಿ ಕಟ್ಟಿಟ್ಟು ಮನಿಲಾದಲ್ಲಿ ಯಾರದೋ ಮನೆಯ ಪಾತ್ರೆ ತೊಳೆಯಲು ಹೋಗುವುದೊಂದೇ ಅವಳಿಗೆ ಉಳಿದ ದಾರಿ.

ಬೋರ್ಡು ಓದಿ ತೋಯಾಂಗ್ ರಸ್ತೆ ದಾಟಿ ಬಂದಳು.

"ಅಲ್ವೇ, ಊರಿನ ಆತ್ಮಗಳೆಲ್ಲ ನಿನ್ನಂಗಡೀಲೇ ಬಿಡಾರ ಹೂಡ್ತಾವಲ್ಲೇ. ಹೆದರಿಕೆ ಇಲ್ವಾ ನಿಂಗೆ?"

"ಹೂಡ್ಲಿ ಬಿಡಕ್ಕ. ಒಳಗೆ ಯಾರೋ ಇದಾರೆ ಅನ್ನೋ ಹಾಗಾದ್ರೂ ಇರುತ್ತೆ."

ಆ ಸಂಜೆ ಜನ ಬಂದರು. ಕೂತರು, ನೀರು ಕುಡಿದರು, ಬೆಬಾಂಗ್ ಅಜ್ಜಿಯ ಮುಖದಲ್ಲಿ ಎಂಥ ಕಳೆ ಇತ್ತೆಂದು ಮಾತಾಡಿಕೊಂಡರು, ಎದ್ದು ಹೋದರು. ಎರಡನೇ ಸಂಜೆಯೂ ಅದೇ ಕಥೆ. ಎರಡು ಕ್ಯಾನು ನೀರು ಖಾಲಿಯಾಯಿತೇ ಹೊರತು ಕತ್ತರಿಯ ಕಡೆ ಒಬ್ಬರೂ ತಿರುಗಿ ನೋಡಲಿಲ್ಲ. ಮೂರನೇ ಸಂಜೆ ಅಂಚೆ ಕಚೇರಿಯ ಹೆಂಗಸು ಮೂರನೇ ಲೋಟ ನೀರು ಮುಗಿಸಿ ಎದ್ದಾಗ ಚುಚಾಯ್‌ಗೆ ಹೊಟ್ಟೆ ಉರಿದುಹೋಯಿತು. ಬಾಯಿಗೆ ಬಂದದ್ದನ್ನು ಹೇಳಿಬಿಟ್ಟಳು.

"ಬರೀ ಕೂತೆದ್ರೆ ಹೋಗಲ್ಲಕ್ಕ ಅದು. ಕೂದಲ ತುದೀಲಿ ಜೋತು ಬಿದ್ದಿರುತ್ತೆ. ಒಂದು ಬೆರಳಷ್ಟು ಕತ್ತರಿಸಿದ್ರೆ ಇಲ್ಲೇ ಉದುರುತ್ತೆ."

ಹೆಂಗಸು ಜಡೆಯ ತುದಿಯನ್ನು ಎದೆಯ ಮೇಲೆ ಎಳೆದುಕೊಂಡು ಅನುಮಾನದಿಂದ ನೋಡಿದಳು. ಆಮೇಲೆ ಬಂದು ಕುರ್ಚಿಯಲ್ಲಿ ಕೂತಳು.

ಚುಚಾಯ್ ಸುಳ್ಳಿ ಇರಬಹುದು, ಆದರೆ ಅವಳ ಕೈ ಸುಳ್ಳು ಹೇಳುವ ಕೈಯಲ್ಲ. ಬೆರಳಷ್ಟು ಕತ್ತರಿಸುವ ನೆಪದಲ್ಲಿ ಹಣೆಯ ಮೇಲೆ ಒಂದಿಷ್ಟು ಇಳಿಬಿಟ್ಟು, ಕಿವಿಯ ಹತ್ತಿರ ತೆಳುವಾಗಿಸಿ, ನಲವತ್ತೆಂಟರ ಹೆಂಗಸನ್ನು ಮೂವತ್ತೆಂಟಕ್ಕೆ ತಂದು ನಿಲ್ಲಿಸಿದಳು. ಮರುದಿನ ಸಾವಿನ ಮನೆಯಲ್ಲಿ ಎಲ್ಲರ ಕಣ್ಣೂ ಶವಪೆಟ್ಟಿಗೆ ಬಿಟ್ಟು ಆ ಹೆಂಗಸಿನ ತಲೆಯ ಮೇಲೆ. ಐದನೇ ದಿನ ಚುಚಾಯ್ ನೆರೆಮನೆಯಿಂದ ಬೆಂಚು ತರಿಸಬೇಕಾಯಿತು. ಆರನೇ ದಿನ ಸಾವಿನ ಮನೆಯಲ್ಲಿ ರಾತ್ರಿಯಿಡೀ ಹೆಣ ಕಾಯುತ್ತ ಇಸ್ಪೀಟಾಡುವ ಗಂಡಸರೂ ಸಾಲಿನಲ್ಲಿ ಕೂತರು. ಕೊನೆಗೆ ತೋಯಾಂಗಳೇ ಹಿಟ್ಟಿನ ಕೈ ಒರೆಸಿಕೊಳ್ಳುತ್ತ ಬಂದಳು. ತನಗೆ ಇದರಲ್ಲೆಲ್ಲ ನಂಬಿಕೆ ಇಲ್ಲವೆಂದೂ, ಸೆಖೆ ತಡೆಯಲಾರದೆ ಫ್ಯಾನಿಗಾಗಿ ಬಂದೆನೆಂದೂ ಹೇಳಿದಳು. ಹೋಗುವಾಗ ಕನ್ನಡಿಯ ಮುಂದೆ ಬಲಕ್ಕೊಮ್ಮೆ, ಎಡಕ್ಕೊಮ್ಮೆ ತಿರುಗಿ ನೋಡಿಕೊಂಡು, ಬರುವ ಹಬ್ಬಕ್ಕೆ ಬಣ್ಣ ಹಾಕಿಸಲು ದಿನ ಗೊತ್ತುಮಾಡಿಕೊಂಡು ಹೋದಳು. ಮನಿಲಾದ ಪಾತ್ರೆಗಳನ್ನು ಇನ್ನು ಯಾರಾದರೂ ತೊಳೆದುಕೊಳ್ಳಲಿ ಎಂದುಕೊಂಡಳು ಚುಚಾಯ್.

ಏಳನೇ ದಿನ ಮಣ್ಣಾಯಿತು. ಮಧ್ಯಾಹ್ನ ಚುಚಾಯ್ ಹಾಡು ಗುನುಗುತ್ತ ಕೂದಲ ರಾಶಿ ಗುಡಿಸುತ್ತಿದ್ದಾಗ ಬಾಗಿಲಲ್ಲಿ ಸೆಲ್ಯೊ ತಾತ ನಿಂತಿದ್ದ. ಬೆಬಾಂಗ್ ಅಜ್ಜಿಯ ಗಂಡ. ಅವನ ಕೂದಲು ಕಿವಿ ಮುಚ್ಚಿತ್ತು. ನಲವತ್ತಾರು ವರ್ಷ ಅಂಗಳದ ಹಲಸಿನ ಮರದ ಕೆಳಗೆ ಕೂರಿಸಿ ಕತ್ತರಿಸುತ್ತಿದ್ದವಳು ಎರಡು ತಿಂಗಳಿಂದ ಹಾಸಿಗೆ ಹಿಡಿದಿದ್ದಳಲ್ಲ. ಟೋಪಿ ಕೈಯಲ್ಲಿ ಹಿಡಿದು ಅವನು ಅಂಗಡಿಯ ಮೂಲೆಮೂಲೆಯನ್ನು ನೋಡುತ್ತಿದ್ದ.

"ಬಾ ತಾತ, ಕೂತ್ಕೋ. ನಿನ್ನ ಹತ್ರ ದುಡ್ಡು ತಗೊಳ್ತೀನಾ? ತುದಿ ಒಂಚೂರು ಕತ್ತರಿಸಿಬಿಡ್ತೀನಿ."

"ಕತ್ತರಿ ಬೇಡ ಮಗಳೇ." ಅವನು ನೆಲದ ಮೇಲಿನ ರಾಶಿಯ ಕಡೆ ನೋಡಿದ. "ಎಲ್ರೂ ಅವಳನ್ನ ಇಲ್ಲೇ ಉದುರಿಸಿ ಹೋದ್ರಂತಲ್ಲ. ಮನೆಗೆ ಕರ್ಕೊಂಡು ಹೋಗೋಣ ಅಂತ ಬಂದೆ."

ಚುಚಾಯ್ ಕೈಯ ಪೊರಕೆ ನಿಂತಿತು. ಅದೆಲ್ಲ ನಾನು ಕಟ್ಟಿದ ಕಥೆ ತಾತ ಎಂದು ಹೇಳಹೊರಟವಳು ಪೊರಕೆಯನ್ನು ಗೋಡೆಗೆ ಒರಗಿಸಿದಳು. ಅವನ ತೋಳು ಹಿಡಿದು ಕುರ್ಚಿಯಲ್ಲಿ ಕೂರಿಸಿದಳು. ಬಾಚಣಿಗೆ ಒದ್ದೆ ಮಾಡಿ, ಒಂದೇ ಒಂದು ಕೂದಲೂ ನೆಲಕ್ಕೆ ಬೀಳದ ಹಾಗೆ, ಮೆಲ್ಲಗೆ ಬಾಚತೊಡಗಿದಳು. ಬೈತಲೆ ಎಡಕ್ಕಿರಲಿ, ಅವಳು ಎಡಕ್ಕೇ ತೆಗೆಯುತ್ತಿದ್ದಳು ಎಂದು ತಾತ ನಡುವೆ ಒಮ್ಮೆ ಹೇಳಿದ. ಮುಗಿದ ಮೇಲೆ ಕನ್ನಡಿಯಲ್ಲಿ ಬಹಳ ಹೊತ್ತು ನೋಡಿಕೊಂಡು ನಕ್ಕ.

"ಬರೋ ತಿಂಗಳಿಂದ ಕತ್ತರಿಸೋಕೂ ಬರ್ತೀನಿ. ಅವಳ ಕೈಗೆ ನಿನ್ನ ಕೈ ಸಾಟಿ ಅಲ್ಲ, ಆದ್ರೂ ಪರವಾಗಿಲ್ಲ."

ಸುಡುವ ಬಿಸಿಲು. ಬೇಕರಿಯ ಮುಂದೆ ತೋಯಾಂಗ್ ಅವನನ್ನು ಕಂಡು, ಒಂದು ಗಳಿಗೆ ನಿಂತು ಬನ್ನು ತಿಂದು ಹೋಗೆಂದು ಕರೆದಳು. ಸೆಲ್ಯೊ ತಾತ ಅವಳಿಗೆ ಕೈ ಬೀಸಿದ. ಟೋಪಿಯನ್ನು ತಲೆಗೆ ಹಾಕಿಕೊಳ್ಳದೆ ಕೈಯಲ್ಲೇ ಹಿಡಿದು, ದಾರಿಯಲ್ಲಿ ಎಲ್ಲೂ ನಿಲ್ಲದೆ, ಸೀದಾ ಮನೆಗೆ ನಡೆದ.