ಹಗ್ಗ ಕಟ್ಟಿದ ದೀಪ

ಬೆಳಗಿನ ಹನ್ನೊಂದು ಗಂಟೆಗೆ ಗೇಟು ತಟ್ಟಿದ ಹೆಂಗಸಿನ ಕೈಯಲ್ಲಿ ದೀಪ ಉರಿಯುತ್ತಿತ್ತು. ಪೇಂಟಿನ ಹಳೇ ಡಬ್ಬಿ, ಅದರೊಳಗೊಂದು ಮಣ್ಣಿನ ಹಣತೆ, ಡಬ್ಬಿಯ ಹಿಡಿಗೆ ಬಿಗಿದ ನೀಲಿ ನೈಲಾನ್ ಹಗ್ಗ. ಯಡಿಯೂರು ಕೆರೆ ಕಡೆಯಿಂದ ಬೀಸುವ ಗಾಳಿಗೆ ಅಂಗಳದ ತುಳಸಿ ಬಾಗುತ್ತಿದ್ದರೂ ಆ ದೀಪದ ಕುಡಿ ಮಾತ್ರ ಮೊಳೆ ಹೊಡೆದ ಹಾಗೆ ನೆಟ್ಟಗೆ ನಿಂತಿತ್ತು.

"ಟಿಪ್ಸ್ ಹೇಳೋ ಅಲಮೇಲು ಮೇಡಂ ಮನೆ ಇದೇನಾ?"

ಅಲಮೇಲುಗೆ ಇಂಥವರು ಹೊಸಬರಲ್ಲ. ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿ ನಿವೃತ್ತರಾದವರು ಈಗ ಸೊಸೆ ಸುರಭಿ ಹಿಡಿಯುವ ಫೋನಿನ ಮುಂದೆ ನಿಂತು ದಿನಕ್ಕೊಂದು ಉಪಾಯ, ದಿನಕ್ಕೊಂದು ಸೋಜಿಗ ಹೇಳುತ್ತಿದ್ದರು. ಹಸಿಮೆಣಸಿನಕಾಯಿ ಕೆಡದಂತೆ ಇಡುವುದರಿಂದ ಹಿಡಿದು ಆಕ್ಟೋಪಸ್ಸಿಗೆಷ್ಟು ಹೃದಯ ಎಂಬುದರವರೆಗೆ. "ಅಲ್ಲೇ ಮೆಟ್ಟಿಲ ಮೇಲೆ ಕೂತ್ಕೋಮ್ಮ. ಏನಾಗ್ಬೇಕಿತ್ತು?" ಎಂದರು.

"ನಾನು ಸೊಣ್ಣಮ್ಮ. ಕೋಣನಕುಂಟೆಯಿಂದ ಬಂದೆ. ಈ ದೀಪ ಶಾಂತ ಆಗ್ತಿಲ್ಲ ಮೇಡಂ. ಅದಕ್ಕೊಂದು ಟಿಪ್ಸ್ ಬೇಕಿತ್ತು."

ಸುರಭಿ ನಗು ತಡೆದುಕೊಂಡಳು. ಅಲಮೇಲು ಮೇಡಂ ಮಾತ್ರ ಗಂಭೀರವಾಗಿಯೇ, "ಬತ್ತೀನ ಎಣ್ಣೆಯೊಳಕ್ಕೆ ಎಳೆದುಬಿಡು, ಆಗುತ್ತೆ. ಬಾಯಲ್ಲಿ ಊದ್ಬೇಡ. ಯಾಕೆ ಊದ್ಬಾರ್ದು ಅಂತ ನಂದೊಂದು ವಿಡಿಯೋನೇ ಇದೆ" ಎಂದರು.

"ನೋಡಿದೀನಿ. ಅದ್ರಲ್ಲಿ ಎಣ್ಣೆ ಎಲ್ಲಿದೆ ಮೇಡಂ?"

ಬಗ್ಗಿ ನೋಡಿದರು. ಹಣತೆ ಒಣಗಿ ಬಿರುಕು ಬಿಟ್ಟಿತ್ತು. ಬತ್ತಿ ಈಗಷ್ಟೇ ಹೊಸೆದಂತೆ ಬೆಳ್ಳಗಿತ್ತು. ಡಬ್ಬಿಯೊಳಗಿಂದ ಎದ್ದದ್ದು ಎಣ್ಣೆಯ ಕಮಟಲ್ಲ, ಕೊಳೆತ ಮೊಟ್ಟೆಯ ನಾತ. ಶಾಲೆಯ ಲ್ಯಾಬಿನಲ್ಲಿ ವರ್ಷಕ್ಕೊಮ್ಮೆ ಮೂಗು ಮುಚ್ಚಿಕೊಂಡು ತಯಾರಿಸುತ್ತಿದ್ದ ಅನಿಲದ ನಾತ.

"ಹದಿನೆಂಟು ದಿನ ಆಯ್ತು. ಹೋದವರ ಜಾಗದಲ್ಲಿ ಇಟ್ಟ ದೀಪ, ತಿಥಿ ಮುಗಿದ ದಿನ ಶಾಂತ ಮಾಡ್ಬೇಕಿತ್ತು. ನೀರು ಹಾಕ್ದೆ, ಮಣ್ಣು ಮುಚ್ದೆ. ಬಸ್ಸಲ್ಲಿ ಕಂಡಕ್ಟರ್ ಬೈದ. ನೀನೇ ಆರಿಸಪ್ಪ ಪುಣ್ಯಾತ್ಮ ಅಂದೆ. ಊದಿ ಊದಿ ಸಾಕಾಗಿ ನಂಗೆ ಟಿಕೆಟ್ ಕೊಡೋದೂ ಮರ್ತು ಮುಂದಕ್ಕೋದ."

"ಹೋದೋರು ಯಾರು?" ಅಲಮೇಲು ಕೇಳಿದರು.

"ನಮ್ಮನೆಯವ್ರು. ಯಲ್ಲಯ್ಯ ಅಂತ." ಸೊಣ್ಣಮ್ಮ ಸೆರಗಿನ ಗಂಟಿನಿಂದ ಫೋನು ತೆಗೆದು ಒತ್ತಿದಳು. ಅಲಮೇಲುವಿನದೇ ದನಿ, ಪಾಠ ಹೇಳುವ ದನಿ: "ಪಾಳುಬಾವಿ, ಸಂಪು, ಪಿಟ್ಟು, ಯಾವುದೇ ಇರಲಿ. ಮೊದಲು ಹಗ್ಗ ಕಟ್ಟಿ ದೀಪ ಇಳಿಸಿ. ಉರೀತಾ ಇದ್ದರೆ ಗಾಳಿ ಚೆನ್ನಾಗಿದೆ ಅಂತ ಅರ್ಥ. ನಿಶ್ಚಿಂತೆಯಿಂದ ಆಳನ್ನ ಇಳಿಸಬಹುದು." ಕೆಳಗೆ ಒಂಬತ್ತು ಲಕ್ಷ ಜನ ನೋಡಿದ ಲೆಕ್ಕ.

"ಬಿಲ್ಡಿಂಗ್ ಓನರು ಇದನ್ನ ನೋಡ್ಕಂಡೇ ಡಬ್ಬಿ ತಂದ್ರು. ಕಕ್ಕಸಿನ ಪಿಟ್ಟು, ಮಿಷನ್ ತರ್ಸಿ ಸಾಮಿ ಅಂದ್ರು ಇವ್ರು. ದೀಪ ಉರೀತಿಲ್ವೇನೋ, ಮಿಷನ್ ಯಾಕೆ ಅಂದ್ರು ಓನರು. ಉರೀತಿತ್ತು ಮೇಡಂ. ಇವ್ರು ಒಳಗೆ ಬಿದ್ದಾಗ್ಲೂ ಉರೀತಿತ್ತು. ಎತ್ತಿ ಮಲಗಿಸ್ದಾಗ್ಲೂ ಉರೀತಿತ್ತು. ಸ್ಟೇಷನ್ನಲ್ಲಿ ಓನರು ಫೋನ್ ತೋರ್ಸಿ, ಓದಿರೋ ಮೇಡಂ ಹೇಳಿದಾರೆ, ನಂದೇನು ತಪ್ಪು ಅಂದ್ರು." ತುಸು ತಡೆದು ಕೇಳಿದಳು, "ಆಳು ಅಂದ್ರಲ್ಲ ಮೇಡಂ, ಅನ್ನೋವಾಗ ಯಾರದಾದ್ರೂ ಮುಖ ಕಣ್ಮುಂದೆ ಬಂದಿತ್ತಾ?"

ಬಂದಿರಲಿಲ್ಲ. ಉಸಿರಿಗೆ ಬೇಕಾದ ಗಾಳಿ ತೀರಿದರೆ ದೀಪ ಆರುತ್ತದೆ ಎಂಬುದು ಎಂಟನೇ ತರಗತಿಯ ಪಾಠ. ಮಲ ಕೊಳೆತು ಹುಟ್ಟುವ ವಿಷಗಾಳಿ ದೀಪವನ್ನು ಮುಟ್ಟದೆ ಮನುಷ್ಯನನ್ನಷ್ಟೇ ಆರಿಸುತ್ತದೆ ಎಂಬುದು ಹತ್ತನೆಯದರ ಪಾಠ. ಎರಡನ್ನೂ ಅವರೇ ಹೇಳಿಕೊಟ್ಟಿದ್ದರು. ಒಂದು ನಿಮಿಷದ ವಿಡಿಯೋದಲ್ಲಿ ಒಂದೇ ಹಿಡಿಸಿತ್ತು. ಆ ಗುಂಡಿಗೆ ಮನುಷ್ಯನನ್ನು ಇಳಿಸುವುದೇ ಅಪರಾಧ ಎಂಬ ಪಾಠ ಯಾವ ತರಗತಿಗೂ ಇರಲಿಲ್ಲ.

"ಅತ್ತೆ, ಡಿಲೀಟ್ ಮಾಡ್ಬಿಡ್ಲಾ?" ಸುರಭಿ ಪಿಸುಗುಟ್ಟಿದಳು.

"ಅಳಿಸ್ಬುಟ್ರೆ, ಆಗ್ಲೇ ನೋಡಿರೋರ ತಲೆಯಿಂದ ತೆಗೆಯೋರ್ಯಾರು? ಅವ್ರೆಲ್ಲ ಈಗ ಡಬ್ಬಿ ಹುಡುಕ್ತಾ ಇರ್ತಾರೆ. ಹೇಳಿದ ಬಾಯಲ್ಲೇ ಹೇಳಿ" ಎಂದಳು ಸೊಣ್ಣಮ್ಮ.

ಅಲಮೇಲು ಫೋನಿನ ಮುಂದೆ ನಿಂತರು. ಡಬ್ಬಿ ಕಾಲ ಬಳಿ ಇತ್ತು. "ನಮಸ್ಕಾರ. ಹಿಂದಿನ ಒಂದು ವಿಡಿಯೋಗೆ ಸಣ್ಣದೊಂದು ತಿದ್ದುಪಡಿ..."

"ಇನ್ನೂ ಉರೀತಿದೆ ಮೇಡಂ" ಎಂದಳು ಸೊಣ್ಣಮ್ಮ, ಮೆಟ್ಟಿಲ ಮೇಲಿನಿಂದ.

"ಅತ್ತೆ, ತಪ್ಪಾಗಿದ್ದರೆ ಕ್ಷಮಿಸಿ ಅನ್ನಿ, ಸಾಕು. ಇಲ್ಲದಿದ್ರೆ ನಾಳೆ ಕೋರ್ಟು ಗೀರ್ಟು ಅಂತ ಅಲೀಬೇಕಾಗುತ್ತೆ."

ಅದನ್ನೂ ಅಂದು ನೋಡಿದರು. ಕುಡಿ ಅಲುಗಲಿಲ್ಲ. ನಾತ ಮಾತ್ರ ನಡುಮನೆಯವರೆಗೂ ಹಬ್ಬಿತು.

ಮೂರನೇ ಸಲ ಅಲಮೇಲು ಬಗ್ಗಿ ನೀಲಿ ಹಗ್ಗವನ್ನು ಕೈಗೆ ಸುತ್ತಿಕೊಂಡರು. "ನಾನು ಹೇಳಿದ್ದು ಸುಳ್ಳು. ಕೋಣನಕುಂಟೆಯಲ್ಲಿ ದೀಪ ಉರಿಯುತ್ತಿದ್ದಾಗಲೇ ಯಲ್ಲಯ್ಯ ಸತ್ತರು. ಅವರನ್ನು ಇಳಿಸಿದವನ ಜೊತೆ ನನ್ನ ಕೈಯೂ ಈ ಹಗ್ಗದ ಮೇಲಿತ್ತು. ಗುಂಡಿಗೆ ಯಾರನ್ನೂ ಇಳಿಸಬೇಡಿ. ದೀಪ ಉರಿದರೂ ಇಳಿಸಬೇಡಿ."

ಕುಡಿ ಒಮ್ಮೆ ಬಾಗಿತು. ಹೊಗೆಯೂ ಇಲ್ಲದೆ ಶಾಂತವಾಯಿತು. ಸೊಣ್ಣಮ್ಮ ಸೆರಗಿನಿಂದ ಮುಖ ಮುಚ್ಚಿಕೊಂಡಳು.

ಅಷ್ಟರಲ್ಲಿ ಸುರಭಿಯ ಕೈಯಲ್ಲಿದ್ದ ಫೋನು ಟಿಣ್ ಎಂದಿತು. ಹಳೇ ವಿಡಿಯೋದ ಕೆಳಗೆ ಬೇಗೂರಿನಿಂದ ಯಾರೋ ಫೋಟೋ ಹಾಕಿದ್ದರು. ಕತ್ತಲ ಗುಂಡಿ, ಅದರ ಬಾಯಲ್ಲಿ ತೂಗುವ ಡಬ್ಬಿ, ಅಂಚಿನಲ್ಲಿ ಬಿಚ್ಚಿಟ್ಟ ಒಂದು ಜೊತೆ ಹವಾಯಿ ಚಪ್ಪಲಿ. "ಥ್ಯಾಂಕ್ಸ್ ಮೇಡಂ. ದೀಪ ಸಖತ್ತಾಗಿ ಉರೀತಿದೆ."