ನಾಯಿ ಕೊಡುವ ಮುನ್ನ

ಯಜಮಾನರಿಗೆ ಜಾತಿ ನಾಯಿಯೇ ಬೇಕಿತ್ತು. ಮರಿ ಮಾರುವವನ ಹತ್ತಿರ ಹೋಗಿದ್ದರೆ, ಅವನು ತಾತ ಮುತ್ತಾತರ ವಂಶಾವಳಿಯ ಸಮೇತ, ಮರುಮಾತಿಲ್ಲದೆ ಕೈಗಿಟ್ಟು ಕಳಿಸುತ್ತಿದ್ದ. ಹೆಂಡತಿ ಹಟ ಹಿಡಿದದ್ದರಿಂದ, ಯಾರೋ ಬಿಟ್ಟುಹೋದ ನಾಯಿಗಳನ್ನು ಸಾಕುವ ಈ ಶೆಲ್ಟರಿಗೆ ಬರಬೇಕಾಯಿತು. ಬೇಕಾದ ಲ್ಯಾಬ್ರಡಾರ್ ಏನೋ ಸಿಕ್ಕಿತು. ಆದರೆ ಅಲ್ಲಿನ ಹುಡುಗಿ ನಾಯಿಯ ವಿಚಾರ ಬಿಟ್ಟು ಇವರನ್ನೇ ವಿಚಾರಿಸತೊಡಗಿದಳು.

“ಕೋಪ ಬಂದ್ರೆ ಕೈ ಮಾಡ್ತೀರಾ ಸಾರ್?”

“ಛೆ ಛೆ! ನಾನು ಇರುವೆನೂ ತುಳಿಯೋನಲ್ಲಮ್ಮ.”

“ಹುಷಾರಿಲ್ದಾಗ ಯಾರು ನೋಡ್ಕೋತಾರೆ?”

“ನಾನೇ.”

“ದಿನಾ ಹೊರಗೆ ಕರ್ಕೊಂಡು ಹೋಗ್ತೀರಾ?”

“ಅದನ್ನೂ ಕೇಳ್ಬೇಕಾ?”

“ಸರಿ ಸಾರ್. ನೀವು ಹೇಳಿದ್ದೆಲ್ಲಾ ನಿಜಾನಾ ಅಂತ ಮನೆಗೆ ಬಂದು ನೋಡ್ತೀವಿ. ಅಕ್ಕಪಕ್ಕದವರನ್ನೂ ಕೇಳ್ತೀವಿ. ಆಮೇಲೇ ಕೊಡೋದು.”

ಯಜಮಾನರ ಸಹನೆ ಕೆಟ್ಟಿತು. ಹೆಂಡತಿಯತ್ತ ತಿರುಗಿದರು.

“ಒಂದು ನಾಯಿ ಕೊಡೋಕೆ ಯಾರಾದ್ರೂ ಇಷ್ಟೆಲ್ಲಾ ಕೇಳ್ತಾರೇನೇ? ನೀನೇ ಹೇಳು.”

ಅಷ್ಟು ಹೊತ್ತೂ ನಾಯಿಯ ಕಿವಿ ಸವರುತ್ತಿದ್ದ ಆಕೆ ತಲೆ ಎತ್ತಲಿಲ್ಲ.

“ನನ್ನ ನಿಮಗೆ ಕೊಡೋವಾಗ ನಮ್ಮಪ್ಪ ಕೇಳಿದ್ದು ಗೋತ್ರ, ನಕ್ಷತ್ರ ಎರಡೇ.”